ಹರಟೆಗೆ ಮೈಕ್ ಇಡುವ ಮುನ್ನ, ಇಟ್ಟ ಮೇಲೆ

ಮೂವರು ಗೆಳೆಯರು ಕೂತು ಎರಡು ಗಂಟೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿರುತ್ತಾರೆ. ಕಚೇರಿಯ ಕಾಟ, ಸಾಲಿನಲ್ಲಿ ನಿಂತು ಕಾದ ಕಥೆ, ಮುಗಿಯದೆ ಗೋಡೆಗೆ ಒರಗಿರುವ ಚಿತ್ರ, ಎರಡನೆಯ ಸಾಲಿಗೇ ನಿಂತ ಕವಿತೆ, ಊರ ಮಂದಿಯ ಮಾತು, ಎಲ್ಲವೂ ಬಂದು ಹೋಗಿರುತ್ತದೆ. ಏಳುವ ಹೊತ್ತಿಗೆ ಒಬ್ಬರು, "ಇದನ್ನೇ ರೆಕಾರ್ಡ್ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು" ಎನ್ನುತ್ತಾರೆ. ಮುಂದಿನ ವಾರ ಮೇಜಿನ ನಡುವೆ ಮೊಬೈಲ್ ಇಟ್ಟುಕೊಂಡು ಅದೇ ಮೂವರು ಕೂರುತ್ತಾರೆ. ಆಮೇಲೆ ಹಾಕಿ ಕೇಳಿದರೆ ಪರಿಚಯವೇ ಇಲ್ಲದ ಮೂವರು ಸರದಿಯಲ್ಲಿ ಸಂದರ್ಶನ ಕೊಡುತ್ತಿರುವಂತೆ ಕೇಳಿಸುತ್ತದೆ.

ನಮಗೂ ಮೊದಲ ಸಲ ಹೀಗೇ ಆಯಿತು. ನಾನು, ಚಿತ್ರ ಬಿಡಿಸುವ ಗೆಳತಿ, ಹಗಲು ಲೆಕ್ಕಪತ್ರ ನೋಡಿ ರಾತ್ರಿ ನಾಟಕ ಬರೆಯುವ ಗೆಳೆಯ, ಹೀಗೆ ನಾವು ಮೂವರು. ನಮ್ಮ ಹರಟೆಯನ್ನು ಪಾಡ್‌ಕಾಸ್ಟ್ ಮಾಡಲು ಹೊರಟಾಗ ಮೊದಲ ನಾಲ್ಕು ರೆಕಾರ್ಡಿಂಗ್‌ಗಳನ್ನು ಎಸೆಯಬೇಕಾಯಿತು. ಐದನೆಯದರಲ್ಲಿ ತಪ್ಪು ಎಲ್ಲಿದೆ ಎಂಬುದು ತಿಳಿಯಿತು. ನಾವು ಮಾತನ್ನು ಹಿಡಿಯಲು ಹೋಗಿ ನಗುವನ್ನು ಕೈಬಿಟ್ಟಿದ್ದೆವು. ಒಬ್ಬರು ಹೇಳುವಾಗ ಉಳಿದ ಇಬ್ಬರು ಹೇಗೆ ಕೇಳಿಸಿಕೊಳ್ಳುತ್ತಾರೆ, ಎಲ್ಲಿ ತಡೆಯಲಾರದೆ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ, ಹರಟೆಯ ಜೀವ ಇರುವುದು ಅಲ್ಲಿ. ಮುಂದೆ ಹೇಳುವ ಹಂತಗಳೆಲ್ಲ ಆ ಜೀವವನ್ನು ಕೇಳುಗರ ಕಿವಿಯವರೆಗೆ ಕಾಪಾಡಿಕೊಂಡು ಒಯ್ಯುವುದು ಹೇಗೆ ಎಂಬುದರ ಕುರಿತು.

ಇದು ನನ್ನೊಬ್ಬನ ಅನಿಸಿಕೆಯಲ್ಲ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ಮನೋವಿಜ್ಞಾನಿ 1990ರ ದಶಕದಲ್ಲಿ ಸಾರ್ವಜನಿಕ ಜಾಗಗಳಲ್ಲಿ ಜನ ಸಹಜವಾಗಿ ಮಾತಾಡಿಕೊಳ್ಳುವಾಗ ನಕ್ಕ 1,200 ಸಂದರ್ಭಗಳನ್ನು ಕಲೆಹಾಕಿದರು. ನಗುವಿಗೆ ಮೊದಲು ಬಂದ ಮಾತುಗಳಲ್ಲಿ ಹಾಸ್ಯ ಎನ್ನಬಹುದಾದದ್ದು ಶೇಕಡಾ 20ನ್ನೂ ದಾಟಲಿಲ್ಲ. ಉಳಿದವೆಲ್ಲ "ಸರಿ, ಬರುತ್ತೇನೆ", "ನೋಡು, ಅವನು ಬಂದ" ಎಂಬಂಥ ಸಾದಾ ಮಾತುಗಳು. ಕೇಳುವವರಿಗಿಂತ ಹೇಳುವವರೇ ಸುಮಾರು 46 ಪ್ರತಿಶತ ಹೆಚ್ಚು ನಗುತ್ತಾರೆ ಎಂಬುದನ್ನೂ ಅವರು ಕಂಡರು. ಒಂಟಿಯಾಗಿದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ನಗುವುದು ಮೂವತ್ತು ಪಟ್ಟು ಹೆಚ್ಚು. ಆದ್ದರಿಂದ ಜೋಕುಗಳನ್ನು ಬರೆದಿಟ್ಟುಕೊಂಡು ಮೈಕಿನ ಮುಂದೆ ಕೂರಬೇಡಿ. ಜೊತೆ ಸರಿಯಾಗಿದ್ದರೆ ನಗು ತಾನಾಗಿ ಬರುತ್ತದೆ.

ಯಾರು, ಎಷ್ಟು ಮಂದಿ

ಮೂವರು ಸಾಕು. ಇಬ್ಬರಾದರೆ ಒಬ್ಬರು ಹೇಳಿ ಒಬ್ಬರು ಕೇಳುವ ಪಾಠದ ಛಾಯೆ ಬರುತ್ತದೆ. ಮೂವರಾದರೆ ಇಬ್ಬರು ವಾದಕ್ಕೆ ಬಿದ್ದಾಗ ಮೂರನೆಯವರು ಕೇಳುಗರ ಪರವಾಗಿ ಕೂತಿರುತ್ತಾರೆ. ನಾಲ್ವರನ್ನು ದಾಟಲೇಬೇಡಿ. ತಾನಾಗಿ ಸೇರಿದ ಮಾತಿನ ಗುಂಪು ಸುಮಾರು ನಾಲ್ಕು ಮಂದಿಗೆ ಮಿತಿ ಮುಟ್ಟಿ, ಐದನೆಯವರು ಬಂದೊಡನೆ ಎರಡಾಗಿ ಒಡೆಯುತ್ತದೆ ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲೇ ತೋರಿಸಿದ್ದಾರೆ. ಕೋಣೆಯಲ್ಲಿ ಎರಡು ಹರಟೆ ಒಟ್ಟಿಗೆ ನಡೆದರೆ ನಮಗೆ ಕಷ್ಟವಿಲ್ಲ, ಯಾವುದಕ್ಕೆ ಕಿವಿಗೊಡಬೇಕೆಂದು ನಾವು ಆರಿಸಿಕೊಳ್ಳುತ್ತೇವೆ. ಹೆಡ್‌ಫೋನ್ ಹಾಕಿಕೊಂಡವರಿಗೆ ಆ ಆಯ್ಕೆ ಇರುವುದಿಲ್ಲ.

ದನಿಗಳು ಬೇರೆ ಬೇರೆಯಾಗಿ ಕೇಳಬೇಕು. ನಿಮ್ಮಲ್ಲಿ ಇಬ್ಬರ ದನಿ ಹತ್ತಿರ ಹತ್ತಿರವಿದ್ದರೆ ಮೊದಲ ಐದು ನಿಮಿಷದಲ್ಲಿ ಒಬ್ಬರನ್ನೊಬ್ಬರು ಎರಡು ಮೂರು ಸಲ ಹೆಸರು ಹಿಡಿದು ಕರೆಯಿರಿ. ಕೇಳುಗರಿಗೆ ಮುಖ ಕಾಣುವುದಿಲ್ಲ, ಹೆಸರೇ ಮುಖ.

ಬಂದವರಲ್ಲಿ ಒಬ್ಬರಾದರೂ ಮನಸಾರೆ ನಗುವವರಿರಲಿ. ಚೆನ್ನಾಗಿ ಮಾತಾಡುವವರು ಎಲ್ಲೆಲ್ಲೂ ಸಿಗುತ್ತಾರೆ. ಗೆಳೆಯ ಹೇಳುವ ಕಥೆ ಮೂರನೆಯ ಸಲ ಕೇಳುತ್ತಿದ್ದರೂ ಅದೇ ಜಾಗದಲ್ಲಿ ಮತ್ತೆ ಮನಸ್ಸು ಬಿಚ್ಚಿ ನಗಬಲ್ಲವರು ಅಪರೂಪ. ಅವರನ್ನು ಹುಡುಕಿ ಕೂರಿಸಿಕೊಳ್ಳಿ.

ಏನು ಮಾತಾಡುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಇವತ್ತು ಸಮಾಜದ ಬಗ್ಗೆ ಮಾತಾಡೋಣ" ಎಂದು ಶುರು ಮಾಡಿದರೆ ಮೂವರೂ ಭಾಷಣಕ್ಕೆ ಇಳಿಯುತ್ತಾರೆ. "ಕಲೆ ಎಂದರೇನು" ಎಂದು ಕೇಳಿದರೆ ಮೂವರ ಬಾಯಲ್ಲೂ ದೊಡ್ಡ ದೊಡ್ಡ ಪದಗಳು ಬರುತ್ತವೆ. ದೊಡ್ಡ ವಿಷಯಕ್ಕೆ ಚಿಕ್ಕ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಒಂದು ಕಾಗದ, ಹಿಂದಿನ ವಾರ ನಡೆದ ಒಂದು ಪ್ರಸಂಗ ಸಾಕು.

ನನ್ನ ಗೆಳತಿ ಒಮ್ಮೆ ಯಾವುದೋ ಅರ್ಜಿ ತುಂಬಬೇಕಾಯಿತು. ಉದ್ಯೋಗ ಎಂಬ ಸಾಲಿನಲ್ಲಿ ಆಯ್ಕೆಗಳ ಪಟ್ಟಿ ಇತ್ತು: ನೌಕರಿ, ವ್ಯಾಪಾರ, ಕೃಷಿ, ವಿದ್ಯಾರ್ಥಿ, ನಿವೃತ್ತ. ಚಿತ್ರ ಬಿಡಿಸುವವರಿಗೆ ಜಾಗವಿರಲಿಲ್ಲ. ಕೊನೆಗೆ ಉಳಿದಿದ್ದು "ಇತರೆ". ಅದಕ್ಕೆ ಗುರುತು ಹಾಕಿ ಬಂದಳು. ಅವಳು ಇಷ್ಟು ಹೇಳಿದ್ದೇ ತಡ, ನಾಟಕ ಬರೆಯುವ ಗೆಳೆಯ ಎದ್ದು ನಿಂತು, "ಇತರೆಯವರೇ, ಬನ್ನಿ, ಕೂತುಕೊಳ್ಳಿ" ಎಂದ. ಅಂದಿನಿಂದ ಅವಳು ನಮಗೆ ಇತರೆಯವರು. ಅಲ್ಲಿಂದ ಮಾತು ತಾನಾಗಿ ಬೆಳೆಯಿತು. ಯಾವ ಕೆಲಸವನ್ನು ಕೆಲಸ ಎನ್ನುತ್ತಾರೆ, ಸಂಬಳ ಬಾರದ ದುಡಿಮೆಗೆ ಹೆಸರೇನು, ಇಡೀ ದಿನ ಮನೆ ನಡೆಸುವವರು ಯಾವ ಸಾಲಿಗೆ ಗುರುತು ಹಾಕಬೇಕು, ಬಿಡಿಸಿದ ಚಿತ್ರ ಮಾರಾಟವಾದರೆ ವ್ಯಾಪಾರ ಎನ್ನಬೇಕೆ. ಸಮಾಜ, ಕಲೆ ಎರಡೂ ಒಂದು ಚೌಕದೊಳಗಿಂದ ಹೊರಬಂದವು. ಯಾರೂ ಭಾಷಣ ಮಾಡಲಿಲ್ಲ.

ಹಾಗಾಗಿ ರೆಕಾರ್ಡಿಂಗ್‌ಗೆ ಬರುವಾಗ ಪ್ರತಿಯೊಬ್ಬರೂ ಇಂಥ ಒಂದು ಪ್ರಸಂಗ ತರಬೇಕು. ಒಂದು ಶರತ್ತು: ಅದನ್ನು ಉಳಿದಿಬ್ಬರಿಗೆ ಮೊದಲೇ ಹೇಳಕೂಡದು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಗೊತ್ತಾ, ನಿನ್ನೆ ಏನಾಯಿತೆಂದರೆ" ಎಂದು ಯಾರಾದರೂ ಶುರು ಮಾಡಿದರೆ ತಕ್ಷಣ ತಡೆಯಿರಿ. ಮೊದಲ ಸಲ ಕೇಳಿದಾಗ ಬರುವ ಅಚ್ಚರಿಯನ್ನು ಎರಡನೆಯ ಸಲ ನಟಿಸಲು ಆಗುವುದಿಲ್ಲ, ನಟಿಸಿದರೆ ಮೈಕ್ ಅದನ್ನು ಮುಚ್ಚಿಡುವುದಿಲ್ಲ. ಬೇಕಿದ್ದರೆ ವಿಷಯದ ಹೆಸರನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ: "ಅರ್ಜಿ", "ಲಿಫ್ಟ್", "ಕೊಡೆ". ಮೂರು ಚೀಟಿ ಒಂದು ಗಂಟೆಗೆ ಸಾಕಾಗಿ ಮಿಗುತ್ತವೆ.

ಕಲೆಯ ಬಗ್ಗೆ ಮಾತು ಬಂದಾಗ ಮುಗಿದ ಕೃತಿಗಿಂತ ಮುಗಿಯದ ಕೃತಿಯ ಸುತ್ತ ಹೆಚ್ಚು ಹೊತ್ತು ಇರಿ. ಹೇಗೆ ಗೆದ್ದೆ ಎಂಬ ಕಥೆಯನ್ನು ಕೇಳುಗರು ಗೌರವದಿಂದ ಕೇಳುತ್ತಾರೆ. ಎಲ್ಲಿ ಸಿಕ್ಕಿಬಿದ್ದೆ ಎಂಬ ಕಥೆಯನ್ನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳುತ್ತಾರೆ. ನಮ್ಮ ಒಂದು ಕಂತಿನ ತುಣುಕು ಇದು:

"ಈ ಚಿತ್ರದಲ್ಲಿ ಕೈ ಸರಿಯಾಗಿ ಕೂರಲಿಲ್ಲ. ಅದಕ್ಕೆ ಕೈಯನ್ನು ಜೇಬಿನೊಳಗೆ ಹಾಕಿಸಿದೆ."

"ಹಿಂದಿನ ಚಿತ್ರದಲ್ಲೂ ಜೇಬಿನಲ್ಲೇ ಇತ್ತಲ್ಲ?"

"ಅದರಲ್ಲಿ ಬೆನ್ನ ಹಿಂದೆ ಇತ್ತು."

"ಅದರ ಹಿಂದಿನದರಲ್ಲಿ?"

"ಚಾದರ ಹೊದಿಸಿದ್ದೆ."

ಎರಡು ಸೆಕೆಂಡು ಯಾರೂ ಮಾತಾಡುವುದಿಲ್ಲ. ಆಮೇಲೆ ಗೆಳತಿಯೇ ಮೆಲ್ಲಗೆ ಹೇಳುತ್ತಾಳೆ: "ನಿನ್ನ ಚಿತ್ರದ ಜನರೆಲ್ಲ ಏನನ್ನೋ ಮುಚ್ಚಿಟ್ಟುಕೊಂಡಿದ್ದಾರೆ, ಆ ನಿಗೂಢತೆ ನನಗಿಷ್ಟ ಎಂದು ಒಬ್ಬರು ತುಂಬ ಹೊಗಳಿದ್ದರು."

ಇಲ್ಲಿ ಜೋಕು ಎಂದು ಬೆರಳಿಟ್ಟು ತೋರಿಸುವ ಒಂದು ಸಾಲೂ ಇಲ್ಲ. ಆದರೂ ಚಿತ್ರ ಬಿಡಿಸುವವರ ಕಷ್ಟ, ಆ ಕಷ್ಟದಿಂದಲೇ ಹುಟ್ಟುವ ಶೈಲಿ, ನೋಡುವವರು ಅದಕ್ಕೆ ಹಚ್ಚುವ ಅರ್ಥ ಎಲ್ಲವೂ ಆರು ಸಾಲಿನಲ್ಲಿ ಬಂದಿವೆ. ಆ ಎರಡು ಸೆಕೆಂಡಿನ ಮೌನವನ್ನು ನೆನಪಿಟ್ಟುಕೊಳ್ಳಿ, ಸಂಕಲನದ ಹೊತ್ತಿಗೆ ಮತ್ತೆ ಬರುತ್ತೇನೆ.

ಸಮಾಜದ ಬಗ್ಗೆ ನಗುವಾಗ ಯಾರ ಕಡೆಗೆ ನಗುತ್ತಿದ್ದೇವೆ ಎಂಬ ಎಚ್ಚರ ಬೇಕು. ಅರ್ಜಿಯ ಪಟ್ಟಿಯನ್ನು ನೋಡಿ ನಗಬಹುದು. ಕಿಟಕಿಯ ಹಿಂದೆ ಕೂತು ದಿನಕ್ಕೆ ನೂರಾರು ಅರ್ಜಿ ನೋಡುವ ಗುಮಾಸ್ತರ ಉಚ್ಚಾರಣೆಯನ್ನು ಅಣಕಿಸಿ ನಗುವುದು ಬೇರೆ. ಬಡತನ, ಮೈಬಣ್ಣ, ಭಾಷೆಯ ಒರಟುತನ, ಅಂಗವೈಕಲ್ಯ ಇವುಗಳಿಂದ ಬಂದ ನಗು ಗೆಳೆಯರ ನಡುವೆ ಬಂದರೂ ಅಲ್ಲೇ ನಿಲ್ಲಿಸಿ ಎಂದು ನಾನು ಹೇಳುತ್ತೇನೆ. ರೆಕಾರ್ಡಿಂಗ್ ಕೇಳುವವರಲ್ಲಿ ಆ ಗುಮಾಸ್ತರೂ ಇರಬಹುದು. ಅವರೂ ನಮ್ಮೊಡನೆ ಕೂತು ನಗುವಂತಿರಬೇಕು.

ಇನ್ನು ನಿಮ್ಮೊಳಗಿನ ಹಳೆಯ ಜೋಕುಗಳು. "ಇತರೆಯವರು" ಎಂದರೆ ಯಾರೆಂದು ಹತ್ತನೆಯ ಕಂತಿನಲ್ಲಿ ಮೊದಲ ಬಾರಿ ಕೇಳುವವರಿಗೆ ಗೊತ್ತಿರುವುದಿಲ್ಲ. ಪ್ರತಿ ಕಂತಿನಲ್ಲೂ ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳಿ. ಹಳೆಯ ಕೇಳುಗರಿಗೆ ಅದು ಬೇಸರವಾಗುವುದಿಲ್ಲ, ತಮಗೆ ಮೊದಲೇ ಗೊತ್ತು ಎಂಬ ಖುಷಿ ಅವರಿಗಿರುತ್ತದೆ.

ಕೋಣೆ

ಒಳ್ಳೆಯ ಮೈಕ್ ಕೊಳ್ಳುವ ಮೊದಲು ಒಳ್ಳೆಯ ಕೋಣೆ ಹುಡುಕಿ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಸತ್ತರೆ ಒಳ್ಳೆಯದು, ಗೋಡೆಯಿಂದ ಗೋಡೆಗೆ ಚಿಮ್ಮಿ "ಝಣ್" ಎಂದರೆ ಆ ಕೋಣೆ ಬೇಡ. ಬರಿಗೋಡೆ, ಗಾಜು, ಹೊಳೆಯುವ ನೆಲ ಇವು ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ದಪ್ಪ ಪರದೆ, ಹಾಸಿಗೆ, ಪುಸ್ತಕ ತುಂಬಿದ ಕಪಾಟು, ಬಟ್ಟೆ ನೇತುಹಾಕಿದ ಬೀರು ಇವು ನುಂಗುತ್ತವೆ. ಹಾಗಾಗಿ ಹಜಾರಕ್ಕಿಂತ ಮಲಗುವ ಕೋಣೆ ಮೇಲು. ಮೇಜಿನ ಮೇಲೆ ಒಂದು ದಪ್ಪ ಹೊದಿಕೆ ಹಾಸಿ, ಹಿಂದಿನ ಗೋಡೆಗೆ ಇನ್ನೊಂದನ್ನು ನೇತುಹಾಕಿದರೆ ವ್ಯತ್ಯಾಸ ಆಗಲೇ ಕೇಳಿಸುತ್ತದೆ. ಗೋಡೆಗೆ ಅಂಟಿಸುವ ತೆಳು ಸ್ಪಂಜಿನ ಹಾಳೆಗಳು ಚೂಪು ಸದ್ದನ್ನು ಮಾತ್ರ ಹೀರುತ್ತವೆ, ಗುಂಯ್‌ಗುಡುವ ತಗ್ಗಿನ ಸದ್ದು ಹಾಗೆಯೇ ಉಳಿಯುತ್ತದೆ. ಹಣ ಉಳಿಸಿಕೊಳ್ಳಿ.

ಫ್ಯಾನ್ ಆರಿಸಿ. ಫ್ರಿಜ್ ಪಕ್ಕದಲ್ಲಿದ್ದರೆ ಅಲ್ಲಿ ಕೂರಬೇಡಿ. ಕಿರುಗುಟ್ಟುವ ಕುರ್ಚಿಯನ್ನು ಹೊರಗಿಡಿ, ಏಕೆಂದರೆ ಜನ ನಗುವಾಗಲೇ ಕುರ್ಚಿಯಲ್ಲಿ ಹಿಂದೆ ಮುಂದೆ ಆಡುತ್ತಾರೆ, ನಗುವಿನ ಮೇಲೆಯೇ ಕಿರ್ ಎಂಬ ಸದ್ದು ಬಂದು ಕೂರುತ್ತದೆ. ಮೊಬೈಲ್‌ಗಳನ್ನೆಲ್ಲ ಏರೋಪ್ಲೇನ್ ಮೋಡ್‌ಗೆ ಹಾಕಿಸಿ.

ಮೈಕ್

ಪ್ರತಿಯೊಬ್ಬರಿಗೂ ಒಂದೊಂದು ಮೈಕ್, ಪ್ರತಿ ಮೈಕಿಗೂ ಬೇರೆ ಟ್ರ್ಯಾಕ್, ಅಂದರೆ ಅವರವರ ದನಿಗೆ ಬೇರೆಯದೇ ರೆಕಾರ್ಡಿಂಗ್. ಇದರಲ್ಲಿ ರಾಜಿ ಬೇಡ. ಒಂದೇ ಮೈಕ್ ನಡುವೆ ಇಟ್ಟರೆ ಮಾತಾಡುವವರ ದನಿ ಸಿಗುತ್ತದೆ, ಮೂಲೆಯಲ್ಲಿ ಕೂತು ಮೂಗಿನಲ್ಲಿ "ಹ್ಹ" ಎಂದು ನಕ್ಕವರ ನಗು ಸಿಗುವುದಿಲ್ಲ. ನಮ್ಮ ಮೊದಲ ನಾಲ್ಕು ರೆಕಾರ್ಡಿಂಗ್‌ಗಳು ಸತ್ತಿದ್ದು ಹೀಗೆ.

ಸದ್ದಿರುವ ಮನೆಯಾದರೆ ಡೈನಾಮಿಕ್ ಮೈಕ್ ಒಳ್ಳೆಯದು. ಅದು ಹತ್ತಿರದ ದನಿಯನ್ನು ಹಿಡಿದು ದೂರದ ಗದ್ದಲವನ್ನು ಬಹುಮಟ್ಟಿಗೆ ಬಿಡುತ್ತದೆ. ಕಂಡೆನ್ಸರ್ ಮೈಕ್ ಹೆಚ್ಚು ಸೂಕ್ಷ್ಮ, ಶಾಂತ ಕೋಣೆಗೆ ಸೈ, ಇಲ್ಲದಿದ್ದರೆ ಬೀದಿಯ ಹಾರನ್ನನ್ನೂ ಒಳಗೆ ತರುತ್ತದೆ. ಕಾರ್ಡಿಯಾಯ್ಡ್ ಎಂದು ಬರೆದಿರುವುದನ್ನೇ ಆರಿಸಿ, ಅದು ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವ ಬಗೆಯದು.

ಬಾಯಿಗೂ ಮೈಕಿಗೂ ಸುಮಾರು ಒಂದು ಗೇಣು ಅಂತರವಿರಲಿ. ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಯಾಗಿ, ತುಟಿಯ ಪಕ್ಕಕ್ಕೆ ಬರುವಂತೆ ಇಡಿ. ಪ, ಬ ಎನ್ನುವಾಗ ತುಟಿಯಿಂದ ಗಾಳಿ ಚಿಮ್ಮುತ್ತದೆ, ಫ, ಭ ಎನ್ನುವಾಗ ಇನ್ನೂ ಹೆಚ್ಚು. ಬೇಕಿದ್ದರೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಭಾರಿ ಫಲ" ಎಂದು ನೋಡಿ. ಆ ಗಾಳಿ ನೇರ ಮೈಕಿಗೆ ಬಡಿದರೆ "ಢಬ್" ಎಂಬ ಸದ್ದಾಗಿ ಉಳಿಯುತ್ತದೆ. ಓರೆಯಾಗಿಟ್ಟರೆ ಗಾಳಿ ಪಕ್ಕಕ್ಕೆ ಹೋಗಿ ದನಿ ಮಾತ್ರ ಬರುತ್ತದೆ.

ಎರಡು ಮೈಕ್‌ಗಳ ನಡುವಿನ ಅಂತರ, ಬಾಯಿಗೂ ಮೈಕಿಗೂ ಇರುವ ಅಂತರದ ಮೂರು ಪಟ್ಟಾದರೂ ಇರಬೇಕು. ಒಂದು ಗೇಣಿಗೆ ಮೂರು ಗೇಣು. ಹತ್ತಿರವಿಟ್ಟರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ಸೋರಿ, ಡಬ್ಬದೊಳಗಿಂದ ಮಾತಾಡಿದಂತೆ ಕೇಳಿಸುತ್ತದೆ. ಆದರೂ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಹತ್ತಿರ ಕೂರಿ. ಕಣ್ಣು ಕೂಡದಿದ್ದರೆ ಹರಟೆ ಕೂಡುವುದಿಲ್ಲ.

ಮೈಕ್ ಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ ಮೂವರ ಮೊಬೈಲ್‌ಗಳನ್ನೇ ಬಳಸಿ. ಪ್ರತಿಯೊಬ್ಬರ ಮುಂದೆ ಅವರವರದೇ ಮೊಬೈಲ್ ಒಂದು ಗೇಣು ದೂರದಲ್ಲಿ, ಮಡಿಸಿದ ಬಟ್ಟೆಯ ಮೇಲಿರಲಿ. ಬ್ಲೂಟೂತ್ ಇಯರ್‌ಫೋನಿನ ಮೈಕ್ ಬೇಡ, ಅದರಲ್ಲಿ ದನಿ ಫೋನ್ ಕರೆಯಂತೆ ಕುಗ್ಗಿಬಿಡುತ್ತದೆ. ರೆಕಾರ್ಡಿಂಗ್ ಶುರುವಾದ ಮೇಲೆ ಒಬ್ಬರು ಜೋರಾಗಿ ಒಂದು ಚಪ್ಪಾಳೆ ತಟ್ಟಲಿ, ಮುಗಿಸುವ ಮುನ್ನ ಇನ್ನೊಂದು. ಆಮೇಲೆ ಕಂಪ್ಯೂಟರಿನಲ್ಲಿ ಮೂರು ಟ್ರ್ಯಾಕ್‌ಗಳಲ್ಲೂ ಆ ಚಪ್ಪಾಳೆ ಚೂಪು ಗೆರೆಯಾಗಿ ಕಾಣುತ್ತದೆ, ಅವನ್ನು ಒಂದರ ಕೆಳಗೊಂದು ಹೊಂದಿಸಿದರೆ ಮೂರೂ ಜೊತೆಯಾಗುತ್ತವೆ. ಎರಡನೆಯ ಚಪ್ಪಾಳೆ ಏಕೆಂದರೆ, ಬೇರೆ ಬೇರೆ ಮೊಬೈಲ್‌ಗಳ ಗಡಿಯಾರ ಕೂದಲೆಳೆಯಷ್ಟು ಹಿಂದೆ ಮುಂದೆ ಓಡುತ್ತದೆ. ಒಂದು ಗಂಟೆಯ ಕೊನೆಗೆ ಆ ಎಳೆ ಬೆಳೆದು, ಜೋಕಿಗೆ ಮೊದಲೇ ನಗು ಬಂದಂತೆ ಕೇಳಿಸಬಹುದು.

ಮಟ್ಟ ಹೊಂದಿಸುವಾಗ ನಕ್ಕು ತೋರಿಸಿ

ಸಾಮಾನ್ಯವಾಗಿ "ಹಲೋ, ಒಂದು, ಎರಡು, ಮೂರು" ಎಂದು ಹೇಳಿಸಿ ರೆಕಾರ್ಡಿಂಗ್‌ನ ಸದ್ದಿನ ಮಟ್ಟ ಹೊಂದಿಸುತ್ತಾರೆ. ಹರಟೆಗೆ ಇದು ಸಾಲದು. ಮನುಷ್ಯ ಮಾತಾಡುವ ಸದ್ದಿಗೂ ಹೊಟ್ಟೆ ಹಿಡಿದುಕೊಂಡು ನಗುವ ಸದ್ದಿಗೂ ಅಜಗಜಾಂತರ. ಅಂಕಿ ಎಣಿಸಿದ್ದಕ್ಕೆ ಹೊಂದಿಸಿದರೆ, ಇಡೀ ಗಂಟೆಯ ಅತ್ಯುತ್ತಮ ಕ್ಷಣ ಬಂದಾಗ ದನಿ ಹರಿದು ಕರಕರ ಎನ್ನುತ್ತದೆ, ಹಾಗೆ ಹರಿದದ್ದನ್ನು ಮತ್ತೆ ಪೂರ್ತಿ ಸರಿಪಡಿಸಲು ಬರುವುದಿಲ್ಲ.

ಆದ್ದರಿಂದ ಒಬ್ಬೊಬ್ಬರನ್ನೂ ನಗಿಸಿ. ಹಳೆಯ ಪ್ರಸಂಗ ನೆನಪಿಸಿ. ಅವರು ಜೋರಾಗಿ ನಕ್ಕಾಗ ಮೀಟರಿನ ಮುಳ್ಳು ಮೈನಸ್ 6 ಡೆಸಿಬಲ್ ದಾಟದಂತೆ, ಸಾಮಾನ್ಯ ಮಾತು ಮೈನಸ್ 18ರಿಂದ ಮೈನಸ್ 12ರ ನಡುವೆ ಆಡುವಂತೆ ಗುಂಡಿ ತಿರುಗಿಸಿ. ಸೊನ್ನೆ ಮುಟ್ಟಿದರೆ ಹರಿದಂತೆ. ಮಾತು ಸ್ವಲ್ಪ ಸಣ್ಣಗಿದೆ ಅನ್ನಿಸಿದರೆ ಚಿಂತೆ ಬೇಡ, ಆಮೇಲೆ ಏರಿಸಬಹುದು.

ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಆಗಿ, 48,000 ಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಒಬ್ಬರ ಮೋನೋ (ಎಡ, ಬಲ ಎಂದು ಬೇರೆಯಾಗದ) ಟ್ರ್ಯಾಕಿಗೆ ಗಂಟೆಗೆ ಸುಮಾರು 518 ಎಂಬಿ ಬೇಕು, ಮೂವರಿಗೆ ಒಂದೂವರೆ ಜಿಬಿ. ಶುರು ಮಾಡುವ ಮೊದಲೇ ಜಾಗ ಖಾಲಿ ಮಾಡಿಟ್ಟುಕೊಳ್ಳಿ.

ಕೂತ ಮೇಲೆ

"ನಮಸ್ಕಾರ, ನಮ್ಮ ಕಾರ್ಯಕ್ರಮಕ್ಕೆ ಸ್ವಾಗತ" ಎಂದು ಶುರು ಮಾಡಬೇಡಿ. ಆ ಮಾತು ಬಂದೊಡನೆ ಮೂವರ ಬೆನ್ನೂ ನೆಟ್ಟಗಾಗುತ್ತದೆ. ಜನ ಬಂದು ಕೂರುವ ಮೊದಲೇ ರೆಕಾರ್ಡಿಂಗ್ ಗುಂಡಿ ಒತ್ತಿ, ಒತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿ, ಆಮೇಲೆ ಮರೆತುಬಿಡಿ. ಸ್ವಾಗತದ ಮಾತನ್ನು ಕೊನೆಗೆ ಬೇರೆಯಾಗಿ ರೆಕಾರ್ಡ್ ಮಾಡಿ ಮುಂದೆ ಸೇರಿಸಬಹುದು. ಮೊದಲ ಹತ್ತು ನಿಮಿಷ ಬಿಗಿಯಾಗಿಯೇ ಇರುತ್ತದೆ. ಅದನ್ನು ಎಸೆಯುತ್ತೇವೆಂದು ಮೊದಲೇ ತೀರ್ಮಾನಿಸಿದರೆ ಯಾರಿಗೂ ಭಯವಿರುವುದಿಲ್ಲ.

ಸಾಧ್ಯವಾದಷ್ಟೂ ಒಂದೇ ಕೋಣೆಯಲ್ಲಿ ಸೇರಿ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನಷ್ಟೇ ಎಂದು ಕಂಡುಬಂದಿತು. ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು. ವಿಡಿಯೊ ಕರೆಯಲ್ಲಿ ದನಿ ಅತ್ತಿಂದಿತ್ತ ಬರುವುದಕ್ಕೇ ಅಷ್ಟು ಹೊತ್ತು ಹಿಡಿಯಬಹುದು. ಹಾಗಾಗಿ ಅಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, "ನೀನು ಹೇಳು, ನೀನು ಹೇಳು" ಎನ್ನುತ್ತಾರೆ. ದೂರದಲ್ಲಿರುವುದು ಅನಿವಾರ್ಯವಾದರೆ ಪ್ರತಿಯೊಬ್ಬರೂ ತಮ್ಮ ಕಡೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಲಿ, ಹೆಡ್‌ಫೋನ್ ಹಾಕಿಕೊಂಡಿರಲಿ.

ಕನ್ನಡದಲ್ಲಿ ಹರಟೆ ಹೊಡೆಯುವವರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಅವನು ಬರುತ್ತಾನೆಂದು ಎರಡು ಗಂಟೆ ಕಾದು, ಸಾಕಾಗಿ, ಅವನ ಮನೆಗೇ ಹೋದರೆ, ಅವನು ನಮ್ಮ ಮನೆ ಬಾಗಿಲಲ್ಲಿ ಕಾಯುತ್ತಿದ್ದ." ನಗು ಇರುವುದು ಕೊನೆಯ ಎರಡು ಪದಗಳಲ್ಲಿ. ಕೇಳುತ್ತಿರುವ ಗೆಳೆಯ "ಅವನ ಮನೆಗೇ ಹೋದರೆ" ಎಂಬಲ್ಲಿ "ಅಯ್ಯೋ, ನನಗೂ ಹೀಗೇ ಆಗಿತ್ತು" ಎಂದು ನುಗ್ಗಿದರೆ ಕಥೆ ದಡ ಮುಟ್ಟುವುದೇ ಇಲ್ಲ. ಮೇಜಿನ ಬಳಿ ಕೂತಾಗ ಪಾಲಿಸಬೇಕಾದ ನಿಯಮ ಒಂದೇ: ಕ್ರಿಯಾಪದ ಬೀಳುವವರೆಗೆ ಕಾಯಿರಿ. ಒಪ್ಪಿಗೆಯನ್ನು "ಹೂಂ" ಎನ್ನದೆ ತಲೆಯಾಡಿಸಿ ತಿಳಿಸಿ. ನಗು ಬಂದರೆ ಮಾತ್ರ ತಡೆಯಬೇಡಿ.

ಮಾತು ಮುಗಿದು ಎಲ್ಲರೂ ಏಳುವಾಗ ರೆಕಾರ್ಡಿಂಗ್ ನಿಲ್ಲಿಸಬೇಡಿ. ಸರಿಯಾದ ಉತ್ತರ ಮೆಟ್ಟಿಲು ಇಳಿಯುವಾಗಲೇ ಹೊಳೆಯುತ್ತದೆ ಎಂದು ಹದಿನೆಂಟನೆಯ ಶತಮಾನದಲ್ಲೇ ಫ್ರಾನ್ಸಿನ ಚಿಂತಕ ಡಿಡರೋ ಬರೆದಿದ್ದ. ನಮ್ಮ ಅತ್ಯುತ್ತಮ ತುಣುಕುಗಳಲ್ಲಿ ಎಷ್ಟೋ "ಸರಿ, ಮುಗೀತು" ಎಂದ ಮೇಲಿನ ಹತ್ತು ನಿಮಿಷದಲ್ಲಿ ಸಿಕ್ಕಿವೆ. ಅದೂ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಅಲುಗದೆ ಸುಮ್ಮನೆ ಕೂತು ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದು ಬೇಕೇ ಬೇಕು.

ಕತ್ತರಿಸುವುದು, ಕತ್ತರಿಸದೆ ಬಿಡುವುದು

ಆಡಾಸಿಟಿ ಎಂಬ ತಂತ್ರಾಂಶ ಉಚಿತ, 2000ದಿಂದ ಬಳಕೆಯಲ್ಲಿದೆ, ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮೊದಲು ಇಡೀ ರೆಕಾರ್ಡಿಂಗನ್ನು ಏನನ್ನೂ ಮುಟ್ಟದೆ ಒಮ್ಮೆ ಕೇಳಿ. ನೀವು ನಿಜವಾಗಿ ನಕ್ಕ ಜಾಗ, ಮನಸ್ಸು ಬೇರೆಡೆ ಹೋದ ಜಾಗ, ಎರಡಕ್ಕೂ ಸಮಯ ಬರೆದುಕೊಳ್ಳಿ. ಎರಡನೆಯ ಬಗೆಯದನ್ನು ಕಡಿಯಿರಿ. ಎರಡು ಗಂಟೆಯ ಹರಟೆ ನಲವತ್ತು ನಿಮಿಷಕ್ಕೆ ಇಳಿದರೆ ಅದು ಸರಿಯಾದ ಅಳತೆ ಎಂಬುದು ನಮ್ಮ ಅನುಭವ.

ಎಲ್ಲಿ ಕತ್ತರಿ ಹಾಕುವುದು? ಪ್ರೊವೈನ್ ಕಂಡ ಇನ್ನೊಂದು ಸಂಗತಿ ಇಲ್ಲಿ ಕೈಹಿಡಿಯುತ್ತದೆ. ಮಾತಾಡುವವರು ತಮ್ಮ ವಾಕ್ಯದ ನಡುವೆ ನಗುವುದು ತೀರಾ ವಿರಳ, ನಗು ಬರುವುದು ವಾಕ್ಯ ಮುಗಿದಲ್ಲಿ, ಬರಹದಲ್ಲಿ ಪೂರ್ಣವಿರಾಮ ಹಾಕುವ ಜಾಗದಲ್ಲಿ. ಅಂದರೆ ನಗು ಆರುತ್ತಿರುವ ಹೊತ್ತು ಕತ್ತರಿಗೆ ಹೇಳಿ ಮಾಡಿಸಿದ ಜಾಗ. ನಗು ಪೂರ್ತಿ ಏರಿ ಇಳಿಯಲು ಬಿಟ್ಟು, ಮುಂದಿನವರು ಉಸಿರೆಳೆದುಕೊಳ್ಳುವ ಮುನ್ನ ಕತ್ತರಿಸಿ. ಉಸಿರಿನ ನಡುವೆ ಕತ್ತರಿಸಿದರೆ ಯಾರೋ ಕತ್ತು ಹಿಸುಕಿದಂತೆ ಕೇಳುತ್ತದೆ. ನಗುವನ್ನು ಅರ್ಧಕ್ಕೆ ಕತ್ತರಿಸಿದರೆ ಕೇಳುಗರ ನಗುವೂ ಅರ್ಧಕ್ಕೇ ನಿಲ್ಲುತ್ತದೆ.

ಈಗ ಆ ಎರಡು ಸೆಕೆಂಡು. ಮೌನವನ್ನು ತಾನಾಗಿ ಹುಡುಕಿ ತೆಗೆಯುವ ಸೌಲಭ್ಯ ತಂತ್ರಾಂಶಗಳಲ್ಲಿರುತ್ತದೆ. ನಾನು ಜೇಬಿನೊಳಗಿನ ಕೈಯ ಆ ಕಂತಿನ ಮೇಲೆ ಅದನ್ನು ಓಡಿಸಿದೆ. ಹನ್ನೊಂದು ನಿಮಿಷ ಕಡಿಮೆಯಾಯಿತು, ದನಿಯೂ ಚುರುಕಾಯಿತು. ಆದರೆ "ಚಾದರ ಹೊದಿಸಿದ್ದೆ" ಎಂಬ ಮಾತಿಗೆ "ನಿಗೂಢತೆ" ಎಂಬ ಹೊಗಳಿಕೆ ಒಡನೆಯೇ ಅಂಟಿಕೊಂಡು, ಗೆಳತಿ ಮೊದಲೇ ಸಿದ್ಧಮಾಡಿಟ್ಟ ಉತ್ತರ ಒಪ್ಪಿಸಿದಂತೆ ಕೇಳಿಸಿತು. ನಡೆದದ್ದು ಹಾಗಲ್ಲ. ಆ ಎರಡು ಸೆಕೆಂಡಿನಲ್ಲಿ ಅವಳು ತನ್ನ ಮೂರು ಚಿತ್ರಗಳನ್ನೂ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡುತ್ತಿದ್ದಳು, ನಾವಿಬ್ಬರು ಅವಳ ಮುಖ ನೋಡುತ್ತಿದ್ದೆವು. ಮೌನವನ್ನು ಹಿಂದಕ್ಕೆ ಹಾಕಿದೆ. ಅದರಲ್ಲಿ ಕುರ್ಚಿಯ ಮೇಲೆ ಯಾರೋ ಮೆತ್ತಗೆ ಸರಿದ ಸದ್ದಿತ್ತು, ಅದನ್ನೂ ಹಾಗೆಯೇ ಬಿಟ್ಟೆ. ಅಂದಿನಿಂದ ಆ ಗುಂಡಿ ಒತ್ತಿಲ್ಲ. ಪ್ರತಿ ಮೌನವನ್ನೂ ಕಿವಿಯಿಂದ ಕೇಳಿ, ಅದರೊಳಗೆ ಯಾರಾದರೂ ಯೋಚಿಸುತ್ತಿದ್ದರೆ ಬಿಡುತ್ತೇನೆ, ಮೊಬೈಲ್ ನೋಡುತ್ತಿದ್ದರೆ ತೆಗೆಯುತ್ತೇನೆ.

"ಅದೂ", "ಅಂದರೆ", "ಏನೂಂದರೆ" ಇವುಗಳನ್ನೆಲ್ಲ ಹೆಕ್ಕಿ ತೆಗೆಯುವ ಹಟ ಬೇಡ. ತೀರಾ ಅತಿಯಾದದ್ದನ್ನು ತೆಗೆದರೆ ಸಾಕು. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಟ್ಟುವಿಕೆಯನ್ನು ಹೈ ಪಾಸ್ ಫಿಲ್ಟರ್ ಹಾಕಿ ತೆಗೆಯಿರಿ. ನಗುವಿನ ಸದ್ದನ್ನು ಹೊರಗಿನಿಂದ ತಂದು ಸೇರಿಸುವ ಯೋಚನೆ ಬಂದರೆ ಆ ಭಾಗವನ್ನೇ ಕಿತ್ತು ಹಾಕಿ.

ಹೊರಗೆ ಬಿಡುವ ಮುನ್ನ

ಸಂಕಲನ ಮುಗಿದ ಫೈಲನ್ನು ಮಾತಾಡಿದ ಎಲ್ಲರಿಗೂ ಕಳಿಸಿ, ಕೇಳಲು ಎರಡು ದಿನ ಕೊಡಿ. ಯಾರಾದರೂ "ಈ ಭಾಗ ಬೇಡ" ಎಂದರೆ ಕಾರಣ ಕೇಳದೆ ತೆಗೆಯಿರಿ. ಗೆಳೆಯರ ಮುಂದೆ ಬಾಯಿಬಿಟ್ಟದ್ದು ಗೆಳೆಯರಿಗಾಗಿ ಹೇಳಿದ್ದು. ಈ ವಿಷಯದಲ್ಲಿ ಬಹುಮತವಿಲ್ಲ, ಒಬ್ಬರು ಬೇಡವೆಂದರೆ ಬೇಡ. ಅಲ್ಲಿ ಇಲ್ಲದ ಮೂರನೆಯವರ ಕಥೆ ಬಂದಿದ್ದರೆ ಹೆಸರು, ಕೆಲಸದ ಜಾಗ, ಗುರುತು ಸಿಗುವ ವಿವರ ಎಲ್ಲವನ್ನೂ ಕತ್ತರಿಸಿ. ಹೆಸರಿನ ಮೇಲೆ "ಬೀಪ್" ಹಾಕಿದರೆ ಯಾರಿರಬಹುದು ಎಂಬ ಕುತೂಹಲ ಇನ್ನಷ್ಟು ಹೆಚ್ಚುತ್ತದೆ, ಆದ್ದರಿಂದ ವಾಕ್ಯವನ್ನೇ ತೆಗೆಯುವುದು ಲೇಸು. ಬೇರೆಯವರ ಹಾಡು, ಹಿನ್ನೆಲೆ ಸಂಗೀತ ಬಳಸುವುದಾದರೆ ಅನುಮತಿ ಪಡೆಯಿರಿ, ಇಲ್ಲವೇ ಬಿಡಿ.

ಒಟ್ಟು ಸದ್ದಿನ ಮಟ್ಟವನ್ನು ಮೈನಸ್ 16 ಲಫ್ಸ್‌ಗೆ (ಒಟ್ಟಾರೆ ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ) ತನ್ನಿ, ಶಿಖರ ಮೈನಸ್ 1 ಡೆಸಿಬಲ್ ದಾಟದಿರಲಿ. ಆ್ಯಪಲ್ ಪಾಡ್‌ಕಾಸ್ಟ್‌ಗಳಿಗೆ ಸೂಚಿಸುವ ಮಟ್ಟ ಇದೇ. ಆಡಾಸಿಟಿಯಲ್ಲಿ ಇದಕ್ಕೆ ಲೌಡ್‌ನೆಸ್ ನಾರ್ಮಲೈಸೇಶನ್ ಎಂಬ ಆಯ್ಕೆಯಿದೆ. ಬಳಿಕ ಎಂಪಿ3 ಮಾಡಿ. ಮಾತಿಗೆ ಮೋನೋದಲ್ಲಿ ಸೆಕೆಂಡಿಗೆ 96 ಕಿಲೋಬಿಟ್ ಸಾಕು, ಒಂದು ಗಂಟೆಗೆ ಸುಮಾರು 43 ಎಂಬಿ ಆಗುತ್ತದೆ, ಡೇಟಾ ಕಡಿಮೆ ಇರುವವರೂ ಇಳಿಸಿಕೊಳ್ಳಬಹುದು. ಮೂಲ ವೇವ್ ಫೈಲ್‌ಗಳನ್ನು ಎರಡು ಕಡೆ ಉಳಿಸಿಡಿ.

ಕಂತಿಗೆ ಹೆಸರಿಡುವಾಗ "ಕಲೆ ಮತ್ತು ಸಮಾಜ: ಒಂದು ಸಂವಾದ" ಎನ್ನಬೇಡಿ. "ಕೈ ಎಲ್ಲಿದೆ?" ಎನ್ನಿ.

ಕೊನೆಯದಾಗಿ, ನಿಮ್ಮ ಮೂವರಲ್ಲಿ ಯಾರನ್ನೂ ಅರಿಯದ ಒಬ್ಬರಿಗೆ ಅದನ್ನು ಕೇಳಿಸಿ. ಅವರ ಅಭಿಪ್ರಾಯ ಕೇಳಲು ಹೋಗಬೇಡಿ, ಎದುರಿಗೆ ಕೂತು ಮುಖ ನೋಡಿ. ನಮ್ಮ ಐದನೆಯ ಕಂತನ್ನು ಗೆಳತಿಯ ನೆರೆಮನೆಯ ಹಿರಿಯರೊಬ್ಬರಿಗೆ ಕೇಳಿಸಿದೆವು. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನಾವು ತುಂಬ ನಗುತ್ತಾರೆಂದು ಕಾದಿದ್ದ ಎರಡು ಜಾಗದಲ್ಲಿ ಅಲುಗಲಿಲ್ಲ. ಇಪ್ಪತ್ತೆರಡನೆಯ ನಿಮಿಷದಲ್ಲಿ, ಎಲ್ಲರೂ ಸುಮ್ಮನಾದ ಆ ಎರಡು ಸೆಕೆಂಡಿನಲ್ಲಿ, ಗೆಳತಿ ಬಾಯಿ ತೆರೆಯುವ ಮೊದಲೇ, ಅವರು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡು ನಗತೊಡಗಿದರು.